ಗೋದಿ ಬಣ್ಣ

ಸಂಸ್ಕೃತದ ‘ಗೋಧೂಮ’ ಕನ್ನಡದಲ್ಲಿ ಗೋಧಿಯಾಯಿತು. ಗದಗ ಸೀಮೆಯ ಬಾಯಲ್ಲಿ ಅದು ಗೋದಿ. ಕಾಳಿನ ಹೆಸರು ಮೈಬಣ್ಣಕ್ಕೂ ಬಂತು. ಕಾಣೆಯಾದವರ ಪ್ರಕಟಣೆಗಳಲ್ಲಿ ‘ಗೋಧಿ ಬಣ್ಣ’ ಇಂದಿಗೂ ಅಚ್ಚಾಗುತ್ತದೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ಹೆಸರು ಆ ಧಾಟಿಯದೇ. ಗೋಡೆಗೂ ‘ಗೋದಿ ಬಣ್ಣ’ ಒಪ್ಪುವ ಪದ. ಇದರ ನೆರೆಯ ಪದ ‘ಕೆನೆ ಬಣ್ಣ’, ಅದೇ ಸೀಮೆಯ ಯಳವತ್ತಿ ಕಡೆ ‘ಕೆನಿ’. ಎರಡೂ ಬೆಚ್ಚನೆಯವು, ಆದರೆ ಒಂದೇ ಅಲ್ಲ. ಬಿಳಿಗೆ ಹಳದಿ ಸೋಂಕಿದರೆ ಕೆನೆ. ಹಳದಿಯ ಜೊತೆ ಕಂದೂ ಸೇರಿದರೆ ಗೋದಿ. ಕೆನೆ ಹೆಚ್ಚು ಬೆಳಕನ್ನು ಮರಳಿಸುತ್ತದೆ. ಹಾಗಾಗಿ ಬೆಳಕಿಂಡಿಯನ್ನೇ ನಂಬಿದ ಮಾಳಿಗೆಮನೆಯ ಒಳಕೋಣೆಗೆ ಕೆನೆಯೇ ಸರಿ. ಬಿಸಿಲು ಧಾರಾಳವಾಗಿ ಬರುವ ಪಡಸಾಲೆಗೆ ಗೋದಿ ಚೆಂದ. ಬಣ್ಣದಂಗಡಿಗೆ ಹೋದಾಗ ಗೋದಿ, ಕೆನಿ ಎಂದೇ ಕೇಳಿ.