ಕೊಳವೆಯೊಳಗಿನ ಒಲೆ

ಅಡ್ಡಲಾಗಿ ಮಲಗಿಸಿದ ದಪ್ಪ ಉಕ್ಕಿನ ಕೊಳವೆ. ಅದರ ಒಂದು ತುದಿಗೆ, ಸ್ವಲ್ಪ ತಗ್ಗಿನಲ್ಲಿ, ಸೌದೆ ಉರಿಯುವ ಗೂಡು. ಇನ್ನೊಂದು ತುದಿಯಲ್ಲಿ ಚಿಮಣಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೊಗೆಯಲ್ಲಿ ಮಾಂಸ ಬೇಯಿಸಲು ಬಳಸುವ ಆಫ್‌ಸೆಟ್ ಸ್ಮೋಕರ್ ಇಷ್ಟೇ. ಬೆಂಕಿ ಮಾಂಸದ ಅಡಿಯಲ್ಲಿಲ್ಲ, ಪಕ್ಕದಲ್ಲಿದೆ. ಅದರ ಬಿಸಿಯೂ ಹೊಗೆಯೂ ಮಾಂಸದ ಮೇಲೆ ಹಾದು ಹೊರಗೆ ಹೋಗುತ್ತವೆ. ಇದನ್ನು ಹಿತ್ತಲಲ್ಲಿ ತಾವೇ ವೆಲ್ಡಿಂಗ್ ಮಾಡಿ ಕಟ್ಟಿಕೊಳ್ಳುವವರು ಅಲ್ಲಿ ಬಹಳ. ಇದರ ಹುಟ್ಟಿನ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ದನಗಾಹಿಗಳ ಕಾಲದಿಂದ ಬಂದ ಪುರಾತನ ಪರಂಪರೆ ಎನ್ನುವುದು ಒಂದು, ಯಾರೋ ಒಬ್ಬ ಜಾಣ ಕುಶಲಕರ್ಮಿ ಕಂಡುಹಿಡಿದ ಎನ್ನುವುದು ಇನ್ನೊಂದು. ಎರಡೂ ನಿಲ್ಲುವುದಿಲ್ಲ. ಬೆಂಕಿಯನ್ನು ಆಳುವ ವಿದ್ಯೆ ಮಣ್ಣಿನ ಗುಂಡಿಯ ಬಳಿ ದುಡಿದ ಕಪ್ಪು ಜನರದ್ದು, ಬೆಂಕಿಯನ್ನು ಬದಿಗೆ ಸರಿಸುವ ಉಪಾಯ ಕಸಾಯಿ ಅಂಗಡಿಗಳ ಇಟ್ಟಿಗೆ ಒಲೆಯದ್ದು. ಆದರೆ ಈ ಯಂತ್ರದ ಆಕಾರ, ಅಳತೆ, ಅದು ಸಾಮಾನ್ಯರ ಕೈಗೆ ಸಿಕ್ಕಿದ ಬಗೆ, ಇವಿಷ್ಟನ್ನೂ ಕೊಟ್ಟದ್ದು ತೈಲೋದ್ಯಮದ ಗುಜರಿ ಎಂಬುದು ನನ್ನ ವಾದ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ದಕ್ಷಿಣ ಭಾಗದಲ್ಲಿ ಬಾರ್ಬೆಕ್ಯೂ ಎಂದರೆ ನೆಲದಲ್ಲಿ ತೋಡಿದ ಉದ್ದನೆಯ ಗುಂಡಿ. ಪಕ್ಕದಲ್ಲಿ ಸೌದೆ ಸುಟ್ಟು ಕೆಂಡ ಮಾಡಿ, ಸಲಿಕೆಯಿಂದ ಗುಂಡಿಗೆ ಸುರಿದು, ಮೇಲೆ ಇಡೀ ಪ್ರಾಣಿಯನ್ನೇ ಹರಡಿ ರಾತ್ರಿಯೆಲ್ಲ ಬೇಯಿಸುತ್ತಿದ್ದರು. ತೋಟದ ಧಣಿಗಳ ಹಬ್ಬಗಳಲ್ಲಿ, ರಾಜಕೀಯ ಸಭೆಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನ. 1930ರ ದಶಕದಲ್ಲಿ ಸರ್ಕಾರಿ ಯೋಜನೆಯೊಂದರಡಿ ಹಿಂದಿನ ಗುಲಾಮರ ನೆನಪುಗಳನ್ನು ಬರೆದುಕೊಂಡಾಗ ದಕ್ಷಿಣ ಕೆರೊಲಿನಾದ ವೆಸ್ಲಿ ಜೋನ್ಸ್ ಎಂಬ ಮುದುಕರು ರಾತ್ರಿಯಿಡೀ ಎದ್ದಿದ್ದು ಮಾಂಸಕ್ಕೆ ರಸ ಸವರುತ್ತಿದ್ದುದನ್ನು ವಿವರವಾಗಿ ಹೇಳಿದ್ದಾರೆ. ಟೆಕ್ಸಾಸ್‌ನಲ್ಲಿ ಗುಲಾಮರ ಬಿಡುಗಡೆ ಘೋಷಣೆಯಾದದ್ದು 1865ರ ಜೂನ್ 19ರಂದು. ಆ ದಿನದ ಆಚರಣೆಗೂ ಈ ಗುಂಡಿಯೇ ಕೇಂದ್ರವಾಯಿತು. ಸ್ಮೋಕರಿನ ಇತಿಹಾಸ ಬರೆಯುವವರು ಉಕ್ಕಿನಿಂದಲೇ ಕಥೆ ಶುರುಮಾಡಿದರೆ ಈ ಕೈಗಳು ಕಾಣೆಯಾಗುತ್ತವೆ. ಇದು ಸಣ್ಣ ತಪ್ಪಲ್ಲ, ಅನ್ಯಾಯ. ಆದರೂ ಗುಂಡಿಯಲ್ಲಿ ಬೆಂಕಿ ಮಾಂಸದ ನೇರ ಕೆಳಗೇ ಇತ್ತು. ಆಫ್‌ಸೆಟ್‌ನ ಮೂಲತತ್ತ್ವ ಅಲ್ಲಿರಲಿಲ್ಲ.

ಅದು ಸಿಗುವುದು ಮಧ್ಯ ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ. ಜರ್ಮನಿ ಮತ್ತು ಚೆಕ್ ನಾಡಿನಿಂದ ವಲಸೆ ಬಂದವರು ಅಲ್ಲಿ ಮಾಂಸದ ಅಂಗಡಿ ಇಟ್ಟರು. ಫ್ರಿಜ್ ಇಲ್ಲದ ಕಾಲ. ಮಾರಾಟವಾಗದೆ ಉಳಿದ ತುಂಡುಗಳನ್ನು ಹೊಗೆಗೆ ಹಾಕಿ, ಹತ್ತಿ ಬಿಡಿಸಲು ಬರುತ್ತಿದ್ದ ಕೂಲಿಗಳಿಗೆ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಲಾಕ್‌ಹಾರ್ಟ್ ಊರಿನಲ್ಲಿ ಕ್ರೈಟ್ಸ್ ಮಾರ್ಕೆಟ್ ಶುರುವಾದದ್ದು 1900ರಲ್ಲಿ. ಅದರ ಹಳೆಯ ಕಟ್ಟಡದಲ್ಲಿ, ಈಗ ಸ್ಮಿಟೀಸ್ ಮಾರ್ಕೆಟ್ ಇರುವಲ್ಲಿ, ಸೊಂಟದೆತ್ತರದ ಇಟ್ಟಿಗೆ ತೊಟ್ಟಿಗಳಿವೆ, ಮೇಲೆ ಲೋಹದ ಮುಚ್ಚಳಗಳಿವೆ. ತೊಟ್ಟಿಯ ಬಾಯಿಗೆ ತಾಗಿದಂತೆ ಬರಿ ನೆಲದ ಮೇಲೆ ಓಕ್ ಸೌದೆ ಉರಿಯುತ್ತದೆ, ಸರದಿಯಲ್ಲಿ ನಿಂತ ಗಿರಾಕಿಯ ಕಾಲಿಗೆ ಝಳ ತಾಗುವಷ್ಟು ಹತ್ತಿರ. ಇನ್ನೊಂದು ತುದಿಯ ಚಿಮಣಿ ಆ ಬಿಸಿಯನ್ನು ಒಳಗೆಳೆದುಕೊಳ್ಳುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಗಾಳಿ ಹೊರಗಿನ ಗಾಳಿಗಿಂತ ಹೆಚ್ಚುಕಡಿಮೆ ಕಾಲು ಭಾಗ ಹಗುರ. ಅದು ಚಿಮಣಿಯಲ್ಲಿ ಮೇಲೇರಿದಂತೆ ಹೊಸ ಗಾಳಿ ಬೆಂಕಿಯ ಕಡೆಯಿಂದ ನುಗ್ಗುತ್ತದೆ. ಕೊಳವೆಯ ಸ್ಮೋಕರ್ ನಡೆಯುವುದೂ ಇದೇ ನಿಯಮದಿಂದ.

ಹಾಗಾದರೆ ಎಲ್ಲವೂ ಇಟ್ಟಿಗೆಯಲ್ಲೇ ಮುಗಿದಿತ್ತು, ಉಕ್ಕು ಅದನ್ನು ಬರೀ ನಕಲು ಮಾಡಿತು ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಮಾತಿಗೆ ತೂಕವಿದೆ, ಆದರೆ ಅದು ಅರ್ಧ ಸತ್ಯ. ಇಟ್ಟಿಗೆ ತೊಟ್ಟಿ ಅಂಗಡಿಯ ಆಸ್ತಿ. ಅದಕ್ಕೆ ಗಾರೆಯವನು ಬೇಕು, ಜಾಗ ಬೇಕು, ಕಟ್ಟಿದ ಮೇಲೆ ಕದಲಿಸಲಾಗದು. ಅದು ಐವತ್ತು ವರ್ಷವಿದ್ದರೂ ಹಿತ್ತಲಿಗೆ ಬರಲಿಲ್ಲ. ಹಿತ್ತಲಿಗೆ ಬಂದದ್ದು ಕೊಳವೆ. 1901ರ ಜನವರಿ 10ರಂದು ಬ್ಯೂಮಾಂಟ್ ಬಳಿಯ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ತೈಲ ಚಿಮ್ಮಿತು, 1930ರಲ್ಲಿ ಪೂರ್ವ ಟೆಕ್ಸಾಸ್‌ನ ಮಹಾನಿಕ್ಷೇಪ ಸಿಕ್ಕಿತು. ಅಲ್ಲಿಂದ ಮುಂದೆ ಆ ನಾಡಿನಲ್ಲಿ ಎರಡು ವಸ್ತುಗಳಿಗೆ ಬರವಿರಲಿಲ್ಲ, ತುಂಡು ಕೊಳವೆ ಮತ್ತು ವೆಲ್ಡಿಂಗ್ ಬಲ್ಲ ಕೈ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಟೆಕ್ಸಾಸ್‌ನ ಲಾಂಗ್‌ವ್ಯೂನಿಂದ ಪೂರ್ವ ಕರಾವಳಿಯ ಕಡೆಗೆ ಹಾಕಿದ ತೈಲಮಾರ್ಗದ ಕೊಳವೆಯ ವ್ಯಾಸ 24 ಇಂಚು. ಹಿತ್ತಲ ಸ್ಮೋಕರುಗಳಲ್ಲಿ ಇಂದಿಗೂ ಎಲ್ಲೆಲ್ಲೂ ಕಾಣುವ ಅಳತೆಗಳಲ್ಲಿ ಅದೂ ಒಂದು. ಕಾಲು ಇಂಚು ದಪ್ಪದ ಅಂಥ ಕೊಳವೆ ಮೀಟರಿಗೆ ಸುಮಾರು 94 ಕಿಲೋ ತೂಗುತ್ತದೆ. ಈ ತೂಕವೇ ಅದರ ಗುಣ. ಒಮ್ಮೆ ಕಾದರೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಮುಚ್ಚಳ ತೆರೆದರೂ, ಗಾಳಿ ಬೀಸಿದರೂ, ಸೌದೆ ಹಾಕುವುದು ತಡವಾದರೂ ಒಳಗಿನ ಶಾಖ ಥಟ್ಟನೆ ಬೀಳುವುದಿಲ್ಲ. ತೆಳು ತಗಡಿನ ಎಣ್ಣೆ ಡ್ರಮ್ಮನ್ನು ಸೀಳಿ ಮಾಡಿದ ಒಲೆಗಳು ಮೊದಲೇ ಇದ್ದವು. ಅವು ಬೇಗ ತಣಿಯುತ್ತಿದ್ದವು, ಬೇಗ ತುಕ್ಕು ಹಿಡಿದು ತೂತಾಗುತ್ತಿದ್ದವು.

ಕಟ್ಟುವವರ ನಡುವೆ ಬಾಯಿಂದ ಬಾಯಿಗೆ ಬಂದ ಸೂತ್ರವೊಂದಿದೆ: ಬೆಂಕಿಗೂಡಿನ ಗಾತ್ರ ಬೇಯಿಸುವ ಕೋಣೆಯ ಮೂರನೆಯ ಒಂದು ಭಾಗ ಇರಬೇಕು. ಇದಕ್ಕೆ ಶಾಖಶಾಸ್ತ್ರದ ಸಮರ್ಥನೆ ಕೊಡುವವರಿದ್ದಾರೆ. ನನಗೆ ಇದು ಕೊಳವೆಯ ಲೆಕ್ಕವಾಗಿಯೇ ಕಾಣುತ್ತದೆ. ಒಂದೇ ಕೊಳವೆಯಿಂದ ಎರಡನ್ನೂ ಕತ್ತರಿಸುವವನಿಗೆ ಗಾತ್ರ ಎಂದರೆ ಉದ್ದ. ಆರಡಿ ಕೋಣೆಗೆ ಎರಡಡಿ ಗೂಡು, ಅಳತೆ ಪಟ್ಟಿ ಬಿಟ್ಟರೆ ಬೇರೆ ಲೆಕ್ಕ ಬೇಡ.

ಬೇಯಿಸುವ ಮಾಂಸವೂ ಬದಲಾಯಿತು. 1967ರಲ್ಲಿ ಅಯೋವಾ ಬೀಫ್ ಪ್ಯಾಕರ್ಸ್ ಕಂಪನಿ ದನದ ಮಾಂಸವನ್ನು ಕಾರ್ಖಾನೆಯಲ್ಲೇ ತುಂಡು ಮಾಡಿ ಪೆಟ್ಟಿಗೆಗಳಲ್ಲಿ ಕಳಿಸತೊಡಗಿತು. ಅರ್ಧ ದನವನ್ನು ಕೊಳ್ಳದೆಯೇ ಬರೀ ಎದೆಭಾಗವನ್ನು, ಅಂದರೆ ಬ್ರಿಸ್ಕೆಟ್ಟನ್ನು, ತರಿಸುವುದು ಸುಲಭವಾಯಿತು. ಕೊಡಗಿನಲ್ಲಿ ಒಲೆಯ ಮೇಲೆ ತೂಗುಹಾಕಿ ಒಣಗಿಸುವ ಮಾಂಸದಂತೆ ಇಲ್ಲಿ ಬಹುಕಾಲ ಕೆಡದಂತೆ ಇಡುವುದು ಉದ್ದೇಶವಲ್ಲ. ನಾರು ತುಂಬಿದ ಗಟ್ಟಿ ಮಾಂಸವನ್ನು ಮೆದುವಾಗಿಸಬೇಕು. ಅದರ ಕೊಲಾಜೆನ್ ಕರಗಿ ಜೆಲಟಿನ್ ಆಗಲು 110ರಿಂದ 135 ಡಿಗ್ರಿಯ ನಿಧಾನದ ಬಿಸಿಯಲ್ಲಿ ಹತ್ತು ಹನ್ನೆರಡು ಗಂಟೆ ಬೇಕು. ನಡುವೆ, ಮಾಂಸ 70 ಡಿಗ್ರಿಯ ಆಸುಪಾಸಿಗೆ ಬಂದಾಗ, ಮೇಲ್ಮೈಯ ತೇವ ಆರುತ್ತ ಬಂದ ಬಿಸಿಯನ್ನೆಲ್ಲ ನುಂಗಿ, ಮಾಂಸದ ಶಾಖ ಗಂಟೆಗಟ್ಟಲೆ ಮೇಲೇರದೆ ನಿಲ್ಲುತ್ತದೆ. ಅಷ್ಟು ಹೊತ್ತು ಕೆಂಡ ಸುರಿಯುತ್ತ ಕೂರುವುದಕ್ಕಿಂತ, ಪಕ್ಕದ ಗೂಡಿನಲ್ಲಿ ಸಣ್ಣ ಬೆಂಕಿಯನ್ನು ಧಾರಾಳ ಗಾಳಿಯೊಂದಿಗೆ ಉರಿಸಿ, ಹೊತ್ತುಹೊತ್ತಿಗೆ ಒಂದೊಂದು ಸೀಳು ಸೌದೆ ಹಾಕುವುದು ಹಗುರದ ಕೆಲಸ. ಕೊಬ್ಬು ಬೆಂಕಿಗೆ ತೊಟ್ಟಿಕ್ಕಿ ಜ್ವಾಲೆ ಏಳುವ ಭಯವೂ ಇಲ್ಲ.

ಒಬ್ಬ ಸಂಶೋಧಕನ ಕಥೆಗೆ ಉತ್ತರ ಇಸವಿಗಳಲ್ಲೇ ಇದೆ. ಹ್ಯೂಸ್ಟನ್ನಿನ ಜಾನುವಾರು ಮೇಳದಲ್ಲಿ ಬಾರ್ಬೆಕ್ಯೂ ಸ್ಪರ್ಧೆ ಶುರುವಾದದ್ದು 1974ರಲ್ಲಿ. ಎಳೆದೊಯ್ಯಬಹುದಾದ ಒಲೆಗೆ ಆಗ ಬೇಡಿಕೆ ಹುಟ್ಟಿತು. 1985ರ ಕೊನೆಯಲ್ಲಿ ಪೀಪಾಯಿಗೆ 30 ಡಾಲರಿನಷ್ಟಿದ್ದ ತೈಲದ ಬೆಲೆ 1986ರ ಬೇಸಿಗೆಯ ಹೊತ್ತಿಗೆ 10ರ ಆಸುಪಾಸಿಗೆ ಕುಸಿದು ವೆಲ್ಡರುಗಳ ಕೈ ಖಾಲಿಯಾಯಿತು. ಆ ದಶಕದಲ್ಲೇ ಹ್ಯೂಸ್ಟನ್ನಿನಲ್ಲಿ ವೇಯ್ನ್ ವಿಟ್‌ವರ್ತ್ ಮತ್ತು ಡೇವಿಡ್ ಕ್ಲೋಸ್, 1987ರಲ್ಲಿ ಒಕ್ಲಹೋಮಾದ ಪೆರಿಯಲ್ಲಿ ಜೋ ಡೇವಿಡ್‌ಸನ್, ಹೀಗೆ ಒಬ್ಬರ ಹಿಂದೊಬ್ಬರು ಇಂಥ ಸ್ಮೋಕರುಗಳನ್ನು ಮಾರತೊಡಗಿದರು. ಅವರ ಕೌಶಲವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ತೈಲನಾಡಿನಲ್ಲೇ, ಕೆಲವೇ ವರ್ಷಗಳ ಅಂತರದಲ್ಲಿ, ಹಲವರು ಒಂದೇ ಆಕಾರಕ್ಕೆ ಬಂದದ್ದನ್ನು ವ್ಯಕ್ತಿಪ್ರತಿಭೆಯೊಂದೇ ವಿವರಿಸಲಾರದು.

ಗುಜರಿಯ ಸರದಿ ಈಗ ಪ್ರೊಪೇನ್ ಟ್ಯಾಂಕಿನದು. ಆಸ್ಟಿನ್ನಿನಲ್ಲಿ 2009ರಲ್ಲಿ ಒಂದು ಟ್ರೇಲರಿನಲ್ಲಿ ಅಂಗಡಿ ತೆರೆದ ಆರನ್ ಫ್ರಾಂಕ್ಲಿನ್ ಅವರ ಹೆಸರಾಂತ ಸ್ಮೋಕರುಗಳು 1000 ಗ್ಯಾಲನ್, ಎಂದರೆ ಸುಮಾರು 3785 ಲೀಟರ್ ಹಿಡಿಯುವ ಹಳೆಯ ಟ್ಯಾಂಕುಗಳಿಂದಾದವು. ಕತ್ತರಿಸುವ ಮುನ್ನ ಟ್ಯಾಂಕಿಗೆ ನೀರು ತುಂಬಿ ಉಳಿದ ಅನಿಲವನ್ನು ಓಡಿಸಬೇಕು, ಇಲ್ಲದಿದ್ದರೆ ಮೊದಲ ಕಿಡಿಗೇ ಸಿಡಿದೀತು. ಗೋಡೆಗಂಟಿದ ಅನಿಲದ ದುರ್ವಾಸನೆ ಹೋಗಲು ಒಳಗೆ ದೊಡ್ಡ ಬೆಂಕಿ ಹಾಕಿ ಸುಡಬೇಕು. ಸತು ಲೇಪಿಸಿದ ಕಬ್ಬಿಣವನ್ನು ಗೂಡಿನ ಹತ್ತಿರವೂ ತರಬಾರದು, ಕಾದರೆ ಅದರ ಹೊಗೆ ವಿಷ. ಇಷ್ಟೆಲ್ಲ ರಗಳೆ ಬೇಡವೆಂದು ಹೊಸ ಉಕ್ಕಿನಿಂದಲೇ ಸ್ಮೋಕರ್ ಮಾಡಿ ಮಾರುವವರೂ ಇದ್ದಾರೆ. ಹೊಸ ಉಕ್ಕನ್ನು ಯಾವ ಆಕಾರಕ್ಕೆ ಬೇಕಾದರೂ ಬಾಗಿಸಬಹುದು. ಆದರೂ ಅವರ ಬೆಲೆಪಟ್ಟಿಗಳಲ್ಲಿ ಕಾಣುವುದು ಅದೇ ದುಂಡನೆಯ ಕೋಣೆ, 20 ಅಥವಾ 24 ಇಂಚಿನ ವ್ಯಾಸ, ಕಾಲು ಇಂಚಿನ ದಪ್ಪ.