ಶ್ರೀರಂಗಪಟ್ಟಣದ ಸೆರೆ: ದುಬ್ವಾ ತೀರ್ಪಿನ ಮರುವಿಚಾರಣೆ

ಕೆನರಾ ಕ್ರೈಸ್ತರ ಸೆರೆವಾಸದ ಬಗ್ಗೆ ಬರೆಯುವವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಒಂದು ಮಾತನ್ನು ಎತ್ತಿಕೊಂಡು ಮುಂದೆ ಹೋಗುವುದು ರೂಢಿಯಾಗಿದೆ. ಭಾರತದಲ್ಲಿನ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರು ಆ ಜನರಿಗೆ ಛೀಮಾರಿ ಹಾಕಿದ್ದಾರೆ: 1784ರಲ್ಲಿ ಟಿಪ್ಪು ಹಿಡಿಸಿ ತಂದ 60,000 ಮಂದಿಯಲ್ಲಿ ಒಬ್ಬನಾದರೂ ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಮುಂದೆ ಬರಲಿಲ್ಲವಂತೆ, ಎಲ್ಲರೂ ಒಟ್ಟಾಗಿ ಧರ್ಮ ಬಿಟ್ಟರಂತೆ. (ಸಂಖ್ಯೆಯ ಜಗಳಕ್ಕೆ ನಾನು ಇಳಿಯುವುದಿಲ್ಲ. ಅದೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ತಮಗೆ ಬೇಕಾದ ಅಂಕಿಯನ್ನು ಆರಿಸಿಕೊಳ್ಳಲಿ.)

ಎತ್ತಿಕೊಳ್ಳುವವರು ಅದರ ಮುಂದಿನ ಸಾಲುಗಳನ್ನು ಓದಿದಂತೆ ಕಾಣುವುದಿಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇವರಲ್ಲಿ ಬಹುಪಾಲು ಜನ ಸಭೆಗೆ ಮರಳಿ ಬಂದರು, ತಾವು ಬಿಟ್ಟದ್ದು ಹೊರಗಿನ ಆಚಾರವನ್ನಷ್ಟೇ, ಕ್ರಿಸ್ತನನ್ನಲ್ಲ ಎಂದರು, ಸುಮಾರು 2,000 ಜನ ತಮ್ಮ ಕಣ್ಣಿಗೇ ಬಿದ್ದರು, ಸುಮಾರು 20,000 ಜನ ಮಂಗಳೂರು ಸೀಮೆಗೆ ಹಿಂದಿರುಗಿ ಕೆಡವಿದ್ದ ದೇವಾಲಯಗಳನ್ನು ಮತ್ತೆ ಕಟ್ಟಿದರು ಎಂದು ಅದೇ ದುಬ್ವಾ ದಾಖಲಿಸಿದ್ದಾರೆ. ಇಷ್ಟು ಹೇಳಿದವರು, ಇಂಥ ಕಷ್ಟ ಇನ್ನೊಮ್ಮೆ ಬಂದರೆ ಇವರು ಮತ್ತೆ ಹೀಗೇ ತಲೆಬಾಗುತ್ತಾರೆ ಎಂದೂ ಸೇರಿಸುತ್ತಾರೆ. ಸಾಕ್ಷ್ಯ ಒಂದು ಕಡೆ, ತೀರ್ಪು ಇನ್ನೊಂದು ಕಡೆ!

ಇದಕ್ಕೆ ಕಾರಣವಿದೆ. ದುಬ್ವಾ ಭಾರತಕ್ಕೆ ಬಂದದ್ದು 1792ರಲ್ಲಿ. 1784ರ ಬೂದಿ ಬುಧವಾರದ ಬಂಧನವನ್ನು ಅವರು ಕಂಡವರಲ್ಲ. ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದು, ಟಿಪ್ಪು ಸತ್ತ ಮೇಲೆ ಮೈಸೂರಿಗೆ ಬಂದರು. ಇನ್ನು, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದು ಸಾಧಿಸುವುದೇ ಆ ಪತ್ರಗಳ ಉದ್ದೇಶ. ಆ ವಾದಕ್ಕೆ ಇಲ್ಲಿನ ಕ್ರೈಸ್ತರು ಹೇಡಿಗಳಾಗಿರಬೇಕಿತ್ತು. ಪ್ರೊಟೆಸ್ಟೆಂಟ್ ಪಾದ್ರಿ ಜೇಮ್ಸ್ ಹಫ್ 1824ರಲ್ಲೇ ಇಡೀ ಪುಸ್ತಕಕ್ಕೆ ಉತ್ತರ ಬರೆದರು. ಆದರೂ ತನಗೆ ಎದುರಾಗುವ ಸಾಲುಗಳನ್ನು ಅಳಿಸದೆ ಉಳಿಸಿದ ದುಬ್ವಾ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ.

ಜಮೀನಿನ ಆಸೆಗೆ ಮರಳಿದರು ಎಂಬ ಆಕ್ಷೇಪವೂ ಉಂಟು. ಕೆನರಾಕ್ಕೆ ಹೋದವರ ಮಟ್ಟಿಗೆ ಅದನ್ನು ತಳ್ಳಿಹಾಕಲಾಗದು, ಬೇಸಾಯಗಾರನಿಗೆ ಊರು ಎಂದರೆ ಗದ್ದೆಯೂ ಹೌದು. ಆದರೆ ದುಬ್ವಾ ಎದುರು ನಿಂತ ಆ 2,000 ಜನ? ಅವರಿಗೆ ಘಟ್ಟದ ಮೇಲೆ ಹಿಂತಿರುಗಿ ಸಿಗುವ ಗದ್ದೆ ಯಾವುದಿತ್ತು? ಹದಿನೈದು ವರ್ಷ ಪಾದ್ರಿಯಿಲ್ಲ, ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಸೆರೆಯಲ್ಲೇ ಹುಟ್ಟಿದ ಮಕ್ಕಳಿಗೆ ಪ್ರಾರ್ಥನೆ ಕಲಿಸಲು ತಂದೆತಾಯಿಯರ ಹೊರತು ಯಾರಿದ್ದರು? ಬಾಗಿಲು ತೆರೆದ ದಿನ ಪಾದ್ರಿಯನ್ನು ಹುಡುಕಿಕೊಂಡು ಹೋದವರ ಮನೆಯೊಳಗೆ ಏನೋ ಉಳಿದಿರಲೇಬೇಕು.

ಸಭೆಗೆ ಇದು ಹೊಸ ಪ್ರಶ್ನೆಯಲ್ಲ. ಡೇಸಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ಬಲಿಯರ್ಪಿಸಿ ಮಣಿದವರನ್ನು ಏನು ಮಾಡಬೇಕೆಂದು 251ರಲ್ಲಿ ಕಾರ್ತೇಜಿನ ಬಿಷಪ್ ಸಿಪ್ರಿಯನ್ ತಲೆಕೆಡಿಸಿಕೊಂಡಿದ್ದರು. ಪ್ರಾಯಶ್ಚಿತ್ತವಾದ ಮೇಲೆ ಸೇರಿಸಿಕೊಳ್ಳಬಹುದು ಎಂಬ ದಾರಿಯೇ ಕೊನೆಗೆ ನಿಂತಿತು. ಮೂರು ಸಲ ಒಲ್ಲೆನೆಂದ ಪೇತ್ರನನ್ನೇ ಕುರಿಗಳ ಕಾವಲಿಗೆ ನೇಮಿಸಿದ ಪರಂಪರೆಯಿದು. 1865ರಲ್ಲಿ ನಾಗಸಾಕಿಯಲ್ಲಿ, ಎರಡು ಶತಮಾನ ಗುಟ್ಟಾಗಿ ಬಾಳಿದ ಕ್ರೈಸ್ತರು ಪ್ಯಾರಿಸ್ ಮಿಷನ್ನಿನ ಪಾದ್ರಿ ಪೆಟಿಜಾನ್ ಎದುರು ಬಂದು ನಿಂತಾಗ ಲೋಕ ಬೆರಗಾಯಿತು. ದುಬ್ವಾ ಅದೇ ಮಿಷನ್ನಿನವರು. ನಮ್ಮವರಿಗೆ ಮಾತ್ರ ಛೀಮಾರಿ.

ಸೆರೆಯಿಂದ ಮರಳಿದ ಬಾರ್ಕೂರಿನ ಕ್ರೈಸ್ತನೊಬ್ಬ ಕನ್ನಡದಲ್ಲೇ ಬರೆದಿಟ್ಟ ವೃತ್ತಾಂತವಿದೆ, ಬಾರ್ಕೂರು ಹಸ್ತಪ್ರತಿಯೆಂದೇ ಅದರ ಹೆಸರು. ಸೆರೆಯ ಒಳಗಿನಿಂದ ಬಂದ ಈ ದನಿಯನ್ನು ಬದಿಗಿಟ್ಟು, ಎಂಟು ವರ್ಷ ತಡವಾಗಿ ಭಾರತಕ್ಕೆ ಬಂದವರ ಸಿಟ್ಟನ್ನು ಇತಿಹಾಸವೆಂದು ಬರೆಯುವುದನ್ನು ನಮ್ಮ ಸಂಶೋಧಕರು ನಿಲ್ಲಿಸಬೇಕು. ದುಬ್ವಾರನ್ನು ಉಲ್ಲೇಖಿಸಲೇಬೇಕೆಂದರೆ ಮುಂದಿನ ನಾಲ್ಕು ಸಾಲುಗಳನ್ನೂ ಸೇರಿಸಿ ಉಲ್ಲೇಖಿಸಲಿ.