ಮುಳುಗಿದ ಮರದ ಮಿಡಿ

ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ ಕಡೆಯ ಮಾವಿನ ಮಿಡಿಗಳ ಹೆಸರು ಕೇಳಿದ್ದೀರಾ? ಮಾಳಂಜಿ ಅಪ್ಪೆ, ಪುರಪ್ಪೆಮನೆ ಅಪ್ಪೆ, ಗೆಣಸಿನಕುಣಿ ಜೀರಿಗೆ, ದೊಂಬೆಸರ ಜೀರಿಗೆ, ಅನಂತಭಟ್ಟನ ಅಪ್ಪೆ. ಬಾದಾಮಿ, ರಸಪುರಿ ಅಂದರೆ ರಾಜ್ಯದ ತುಂಬ ಲಕ್ಷಾಂತರ ಮರ. ಆದರೆ ಇಲ್ಲಿ ಒಂದೊಂದು ಹೆಸರೂ ಮೊದಲು ಒಂದೇ ಒಂದು ಮರಕ್ಕೆ ಇಟ್ಟಿದ್ದು. ಯಾವುದೋ ಊರಿನ ಹಳ್ಳದ ದಂಡೆಯ ಮರ, ಯಾರದೋ ಮನೆಯ ಹಿಂದಿನ ಮರ. ಊರಿನ ಹೆಸರು, ಮನುಷ್ಯನ ಹೆಸರು ಮಿಡಿಗೆ ಅಂಟಿಕೊಂಡು ಉಪ್ಪಿನಕಾಯಿ ಜಾಡಿಯೊಳಗೆ ಸೇರಿಬಿಟ್ಟಿದೆ. ನಮ್ಮ ಕಡೆಯ ಇತಿಹಾಸ ಹುಡುಕೋರು ಶಾಸನ, ಕೈಫಿಯತ್ತು ನೋಡ್ತಾರೆ. ನಾನು ಸ್ವಲ್ಪ ದಿನದಿಂದ ಜಾಡಿಗಳನ್ನ ನೋಡ್ತಾ ಇದ್ದೇನೆ.

ಉಪ್ಪಿನಕಾಯಿ ಕನ್ನಡದಲ್ಲಿ ಹೊಸದೇನಲ್ಲ. 1594ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿ ಬರುತ್ತವೆ ಅಂತ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಬರೆದಿದ್ದಾರೆ. ನಮ್ಮ ಸಾಗರ ತಾಲ್ಲೂಕಿನದೇ ಆದ ಕೆಳದಿಯ ಬಸವಪ್ಪ ನಾಯಕ ಬರೆದ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ದಲ್ಲೂ ಅಡುಗೆಗೆ ಜಾಗ ಇದೆ. ರಾಜನಾದವನು ಪಾಕಶಾಸ್ತ್ರಕ್ಕೂ ಪುಟ ಮೀಸಲಿಟ್ಟ ಅನ್ನೋದು ನನಗೆ ಬಹಳ ಇಷ್ಟದ ಸಂಗತಿ.

ಮಿಡಿ ಹಾಕೋ ಕ್ರಮ ಸರಳ, ಆದರೆ ಸಲೀಸಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಗೊರಟು ಬಲಿಯುವ ಮೊದಲೇ ಮಿಡಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಕೆಲಸಕ್ಕೆ ಬಾರದು. ಹಾಗಾಗಿ ಮರ ಹತ್ತಿದವನು ಬುಟ್ಟಿ ತುಂಬಿ, ಹಗ್ಗ ಕಟ್ಟಿ ನಿಧಾನ ಇಳಿಸುತ್ತಾನೆ. ತೊಟ್ಟು ಇರಲೇಬೇಕು. ತೊಟ್ಟು ಮುರಿದರೆ ಸೊನೆ ಹೋಯ್ತು, ಸೊನೆ ಹೋದರೆ ಪರಿಮಳ ಹೋಯ್ತು. ಜೀರಿಗೆ ಮಿಡಿಯ ತೊಟ್ಟು ಮುರಿದು ಮೂಗಿಗೆ ಹಿಡಿದರೆ ನಿಜಕ್ಕೂ ಜೀರಿಗೆಯದೇ ವಾಸನೆ. ಕೆಲವು ಅಪ್ಪೆಯಲ್ಲಿ ಕರ್ಪೂರದ್ದು. ಮಿಡಿ ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಘಟ್ಟದ ಕೆಳಗೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪನ್ನ ಹಳಬರು ಈಗಲೂ ಹೊಗಳುತ್ತಾರೆ. ನಮ್ಮ ಅಮ್ಮಮ್ಮನ ಲೆಕ್ಕ ಮಿಡಿಯ ಕಾಲು ಭಾಗ ಉಪ್ಪು. ಕೈ ಹಿಡಿದು ಹಾಕಿದರೆ ಬೈಯ್ಯುತ್ತಿದ್ದಳು: “ಉಪ್ಪು ಕಮ್ಮಿ ಆದ್ರೆ ಮಿಡಿ ಮೆತ್ತಗಾಗ್ತು ಮಾಣಿ.”

ಹತ್ತು ಹದಿನೈದು ದಿನದಲ್ಲಿ ಮಿಡಿ ತನ್ನ ನೀರನ್ನೆಲ್ಲ ಬಿಟ್ಟು ಮುರುಟುತ್ತದೆ. ಆ ಉಪ್ಪುನೀರನ್ನ ಬಸಿದು, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಬ್ಯಾಡಗಿ ಮೆಣಸು, ಸಾಸಿವೆ, ಅರಿಶಿನ ಸೇರಿಸಿ ಖಾರ ಮಾಡಿ ಮಿಡಿಯ ಮೇಲೆ ಹೊಯ್ಯೋದು. ಜಾಡಿ ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಕತ್ತಲೆಗೆ. ಎಣ್ಣೆಯ ಹಂಗಿಲ್ಲ. ಫ್ರಾನ್ಸಿನ ನಿಕೊಲಾ ಅಪೆರ್ ಅನ್ನೋ ಮಿಠಾಯಿಗಾರ ಹಣ್ಣು, ತರಕಾರಿಯನ್ನ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಜಡಿದು, ಬಿಸಿನೀರಲ್ಲಿ ಕುದಿಸಿ ಕೆಡದ ಹಾಗೆ ಇಡೋ ವಿಧಾನವನ್ನ 1810ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ. ಡಬ್ಬಿಯಲ್ಲಿ ಪೇರು ಹಣ್ಣು ಬರೋದು ಅವನ ದೆಸೆಯಿಂದ. ಅವನದು ಬೆಂಕಿಯ ದಾರಿ, ನಮ್ಮದು ಉಪ್ಪು, ಹುಳಿಯ ದಾರಿ. ಅಷ್ಟು ಉಪ್ಪಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕೋದು ಕಷ್ಟ. ಮಿಡಿಯ ಹುಳಿ ಉಳಿದವನ್ನ ನೋಡಿಕೊಳ್ಳುತ್ತದೆ. ಒಳ್ಳೆ ಅಪ್ಪೆ ಮಿಡಿ ನಾಲ್ಕೈದು ವರ್ಷ ಗರಿಗರಿಯಾಗೇ ಇರುತ್ತದೆ. ಈ ನಾಲ್ಕೈದು ವರ್ಷದ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೇನೆ.

ಈ ಮರಗಳು ಹೆಚ್ಚಾಗಿ ಬೆಳೆಯೋದು ಹೊಳೆದಂಡೆಯಲ್ಲಿ. ಅಘನಾಶಿನಿ, ವರದಾ, ಶರಾವತಿ ಮತ್ತು ಅವಕ್ಕೆ ಸೇರೋ ನೂರಾರು ಹಳ್ಳಗಳ ಅಂಚು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರೋ ಶರಾವತಿಗೆ ಮೊದಲ ದೊಡ್ಡ ಅಣೆಕಟ್ಟು ಕಟ್ಟಿದ್ದು ಮಡೆನೂರಿನಲ್ಲಿ, ಹಿರೇಭಾಸ್ಕರ ಅಂತ. ಅದರ ನೀರಿನಿಂದ ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತಿತು: ಸುಮಾರು 151 ಟಿಎಂಸಿ ನೀರು, ಗರಿಷ್ಠ ಮಟ್ಟ 1819 ಅಡಿ. ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿಹೋಯಿತು ಅಂದರೆ ಹಿನ್ನೀರು ಎಷ್ಟು ಹಬ್ಬಿತು ಅಂತ ಊಹಿಸಿ. ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳು ಸಾಗರ ಪೇಟೆಯಿಂದ ಕಡಿದುಹೋದವು. ಹಳ್ಳಿಗಳನ್ನ ಲಾರಿಗಳಲ್ಲಿ ತುಂಬಿ ಬೇರೆ ಕಡೆ ಇಳಿಸಿದರು. ಸಾಗರದ ನಾ. ಡಿಸೋಜ ಈ ಮುಳುಗಡೆಯ ಮೇಲೆ ಕಾದಂಬರಿ ಬರೆದರು. ಅವರ ‘ದ್ವೀಪ’ವನ್ನ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು.

ನೀರು ಏರುವಾಗ ಮೊದಲು ಮುಳುಗೋದು ಹೊಳೆದಂಡೆ. ಅಂದರೆ ಮಿಡಿ ಮರಗಳು.

ನಮ್ಮ ಮನೆಯಲ್ಲಿ ಅಜ್ಜ ಕಟ್ಟಿಟ್ಟ ಹಳೆ ಕಾಗದಗಳಿವೆ. ಪರಿಹಾರದ ಪಟ್ಟಿಯಲ್ಲಿ ಗದ್ದೆ, ಬಾಗಾಯ್ತು, ಅಡಿಕೆ ಮರ, ಮನೆ, ಕೊಟ್ಟಿಗೆ ಎಲ್ಲ ಇದೆ. ಹೊಳೆಬದಿಯ ಅಪ್ಪೆ ಮರ ಇಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅದು ಯಾರ ಸರ್ವೆ ನಂಬರಿನಲ್ಲೂ ಇರಲಿಲ್ಲ. ಹೊಳೆ ಸರ್ಕಾರದ್ದು, ದಂಡೆ ಸರ್ಕಾರದ್ದು. ಮಿಡಿ ಮಾತ್ರ ಊರಿನ ಎಲ್ಲರದ್ದು. ಯಾವ ಮನೆಗೆ ಎಷ್ಟು ಅನ್ನೋದು ಬಾಯಿಮಾತಿನ ಲೆಕ್ಕ.

ಇದೇ ಮಾತು ಮನುಷ್ಯರಿಗೂ ಅನ್ವಯಿಸಿತು ಅನ್ನೋದನ್ನ ಇಲ್ಲಿ ಹೇಳದೆ ಮುಂದೆ ಹೋದರೆ ಸರಿಯಾಗಲ್ಲ. ನಮ್ಮ ಮನೆಯವರಿಗೆ ಮಿಡಿ ಇಳಿಸಿಕೊಡುತ್ತಿದ್ದವರು ಗೇಣಿಗೆ ಗದ್ದೆ ಮಾಡುತ್ತಿದ್ದ ದೀವರು. ಪಹಣಿಯಲ್ಲಿ ಹೆಸರಿದ್ದವರಿಗೆ ಭೂಮಿಯ ಪರಿಹಾರ. ಗೇಣಿದಾರನ ಹೆಸರು ಅಲ್ಲಿ ಎಲ್ಲಿಂದ ಬರಬೇಕು? ಗೇಣಿ ಅಳತೆಯ ಅನ್ಯಾಯದ ವಿರುದ್ಧ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದದ್ದು 1951ರಲ್ಲಿ, ಇದೇ ಸಾಗರ ತಾಲ್ಲೂಕಿನಲ್ಲಿ. ಉಳುವವನಿಗೆ ನೆಲ ಕೊಟ್ಟ ಭೂಸುಧಾರಣೆ ತಿದ್ದುಪಡಿ ಬಂದದ್ದು 1974ರಲ್ಲಿ. ಲಿಂಗನಮಕ್ಕಿ ನೀರು ಇವೆರಡರ ನಡುವೆ ಬಂತು. ಹತ್ತು ವರ್ಷ ತಡವಾಗಿ ಬಂದಿದ್ದರೆ ಎಷ್ಟೋ ಮನೆಯವರ ಕೈಯಲ್ಲಿ ಕಾಗದ ಇರುತ್ತಿತ್ತು. ಸಂತ್ರಸ್ತರ ಹಕ್ಕುಪತ್ರದ ಗೋಜಲು ಅರವತ್ತು ವರ್ಷ ಕಳೆದರೂ ಬಿಡಿಸಿಲ್ಲ.

ಮರದ ವಿಷಯಕ್ಕೆ ಬರ್ತೇನೆ. ಮುಳುಗಿದ ಮರದ ಗೊರಟು ತಂದು ನೆಟ್ಟಿದ್ದರೆ ಆಗ್ತಿರಲಿಲ್ವಾ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಆಗಲ್ಲ. ಮೊದಲನೆಯದಾಗಿ ಮಿಡಿಯಲ್ಲಿ ಮೊಳೆಯೋ ಗೊರಟೇ ಇರಲ್ಲ. ಹಣ್ಣಾಗೋಕೆ ಬಿಟ್ಟು ಬೀಜ ಹಾಕಿದರೂ ಬಹುಪಾಲು ಮಾವು ತಾಯಿಯ ಗುಣ ಹಿಡಿಯಲ್ಲ, ಪರಾಗ ಯಾವ ಮರದ್ದೋ ಏನೋ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಬೀಜ ಅನ್ನೋದು ಬ್ಯಾಕಪ್ ಅಲ್ಲ, ಹೊಸ ಪ್ರೋಗ್ರಾಂ. ಅದೇ ಮರ ಬೇಕೆಂದರೆ ಅದರ ಕಡ್ಡಿ ತಂದು ಕಸಿ ಕಟ್ಟಲೇಬೇಕು. ಆಗ ಕಾಡುಮಾವಿಗೆ ಕಸಿ ಕಟ್ಟುವ ಯೋಚನೆ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ. ಹೊಳೆಯಲ್ಲಿ ಮರ ಇರುವಾಗ ತೋಟದಲ್ಲಿ ಯಾರು ನೆಡ್ತಾರೆ?

ಅಮ್ಮಮ್ಮ ಲಾರಿ ಹತ್ತುವಾಗ ಎರಡು ಜಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಳಂತೆ. ನೀರು ಬರೋ ಮುಂಚಿನ ಬೇಸಿಗೆಯಲ್ಲಿ ಇಳಿಸಿದ ಮಿಡಿ. ಹೊಸನಗರದ ಕಡೆಯ ಹೊಸ ಜಾಗದಲ್ಲಿ ಕಾಡು ಕಡಿದು, ಸೋಗೆ ಗುಡಿಸಲು ಕಟ್ಟಿ, ಅಡಿಕೆ ಸಸಿ ಇಟ್ಟರು. ಮೊದಲ ವರ್ಷ ಗಂಜಿಗೆ ನಂಚಿಕೊಳ್ಳೋಕೆ ಬೇರೆ ಏನೂ ಇರಲಿಲ್ಲ. ಒಂದು ಜಾಡಿ ಬೇಗ ಖಾಲಿಯಾಯಿತು. ಇನ್ನೊಂದನ್ನ ಅವಳು ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ ಅಂತ ಒಂದೊಂದೇ ಮಿಡಿ ತೆಗೆದು ಐದನೇ ವರ್ಷದವರೆಗೆ ಎಳೆದಳು. ಮರ ನೀರಿನಡಿ ಸತ್ತು ನಾಲ್ಕು ವರ್ಷವಾದರೂ ಮನೆಯಲ್ಲಿ ಅದರ ಮಿಡಿ ಊಟಕ್ಕೆ ಬರುತ್ತಿತ್ತು. ಕೊನೆಗೆ ಉಳಿದ ಖಾರದ ರಸಕ್ಕೆ ಹೊಸ ಊರಿನ ಯಾವುದೋ ಮಿಡಿ ಹಾಕಿದಳು. “ಪರಿಮಳ ಬಂತು, ರುಚಿ ಬಂಜಿಲ್ಲೆ” ಅಂದಳಂತೆ. ಆ ಮರಕ್ಕೆ ಅವರು ಹೇಳುತ್ತಿದ್ದದ್ದು ಬರೀ ‘ಹೊಳೆ ಅಪ್ಪೆ’. ಊರಿನ ಹೆಸರಾದರೂ ಸೇರಿಸಿ ಕರೆದಿದ್ದರೆ ಇನ್ನೊಂದು ಊರು ಪಟ್ಟಿಯಲ್ಲಿ ಉಳಿಯುತ್ತಿತ್ತು.

ಎಲ್ಲ ತಪ್ಪನ್ನೂ ಅಣೆಕಟ್ಟಿನ ತಲೆಗೆ ಕಟ್ಟೋದೂ ಸರಿಯಲ್ಲ. ಪ್ಲೈವುಡ್ಡಿಗೆ ಅಂತ ಕಾಡುಮಾವು ಎಷ್ಟು ಹೋಯಿತೋ. ಈಗಂತೂ ಮಿಡಿಗೆ ಬೆಲೆ ಬಂದ ಮೇಲೆ, ಹತ್ತಿ ಇಳಿಸೋ ತಾಳ್ಮೆ ಇಲ್ಲದೆ ಕೊಂಬೆಗೇ ಕತ್ತಿ ಹಾಕೋರಿದ್ದಾರೆ. ಕೊಂಬೆ ಕಡಿದರೆ ಮುಂದಿನ ವರ್ಷ ಎಲ್ಲಿಂದ ಮಿಡಿ?

ಇನ್ನೊಂದು ಕಡೆ ಸಾಗರ, ಹೊಸನಗರ, ಶಿರಸಿಯ ಕೃಷಿಕರು ಒಳ್ಳೊಳ್ಳೆ ಮರ ಹುಡುಕಿ ಕಡ್ಡಿ ತಂದು ಕಸಿ ಕಟ್ಟಿ ತೋಟದಲ್ಲಿ ಬೆಳೆಸುತ್ತಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಪ್ಪೆಮಿಡಿ ತಳಿಗಳನ್ನ ಸಂಗ್ರಹಿಸಿ ಇಟ್ಟಿದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆ ಅಣೆಕಟ್ಟು ಮೇಲೆ ಕಾಣುತ್ತದೆ. ನೋಡೋಕೆ ಜನ ಹೋಗ್ತಾರೆ, ಫೋಟೋ ತೆಗೀತಾರೆ. ಸುತ್ತಲಿನ ಕೆಸರು ಬಯಲಿನಲ್ಲಿ ಕಪ್ಪಗೆ ನಿಂತ ಬೊಡ್ಡೆಗಳೂ ಫೋಟೋದಲ್ಲಿ ಬರುತ್ತವೆ. ಅಪ್ಪಯ್ಯನಿಗೆ ಅಂಥದ್ದೊಂದು ಫೋಟೋ ತೋರಿಸಿದೆ. ಫೋನನ್ನ ಹತ್ತಿರ ಹಿಡಿದು, ದೊಡ್ಡದು ಮಾಡಿ, ಯಾವ ಬೊಡ್ಡೆ ಮಾವಿನದ್ದು, ಯಾವುದು ಹೊನ್ನೆ ಅಂತ ಬಹಳ ಹೊತ್ತು ಹುಡುಕಿದರು.